ಕಾಯಿಲೆಯೊಂದಿಗೆ ಪಯಣ: ಕಾಕನಕೋಟೆ ಸೀಮೆಯಿಂದ ಕಂಡ ಆರೋಗ್ಯ ವಿಮೆಯ ಚರಿತ್ರೆ

ಮೊದಲೇ ಕಾಯಿಲೆ ಇದ್ದವರು ಊರು ಬಿಟ್ಟು ಹೋದಾಗ ಅಲ್ಲಿನ ಆಸ್ಪತ್ರೆಯ ಖರ್ಚನ್ನು ಯಾರು ಹೊರಬೇಕು? ವಿಮೆಯ ವ್ಯವಹಾರ ಈ ಪ್ರಶ್ನೆಗೆ ಬಹುಕಾಲ ಒಂದೇ ಉತ್ತರ ಕೊಟ್ಟಿತು: ಅವರೇ ಹೊರಬೇಕು. ಈ ಉತ್ತರ ಅನಿವಾರ್ಯವಲ್ಲ ಎಂದು ತೋರಿಸಿಕೊಟ್ಟವರಲ್ಲಿ ಕರ್ನಾಟಕದ ಸಹಕಾರ ಸಂಘಗಳ ರೈತರೂ ಸೇರಿದ್ದಾರೆ. ಮೈಸೂರು ಜಿಲ್ಲೆಯ ಪಶ್ಚಿಮದ ತಾಲ್ಲೂಕುಗಳಾದ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆಗಳ ಚರಿತ್ರೆಯಲ್ಲಿ ಈ ಕಥೆಯ ಎರಡೂ ಎಳೆಗಳು, ಕಾಯಿಲೆಯವರ ಪ್ರಯಾಣವೂ ಸಂಘದ ವಿಮೆಯೂ, ಸಿಗುತ್ತವೆ. ಇಲ್ಲಿಯ ಜನ ಕೂಲಿಗೆ ಕೊಡಗಿನ ಕಾಫಿ ತೋಟಗಳಿಗೂ ವಯನಾಡಿಗೂ ಹೋಗುತ್ತಾರೆ, ಚಿಕಿತ್ಸೆಗೆ ಮೈಸೂರಿಗೆ ಬರುತ್ತಾರೆ. ಈಚಿನ ಮೂರು ದಶಕಗಳಲ್ಲಿ ಮಕ್ಕಳಿರುವ ಪರದೇಶಗಳಿಗೂ ಹೊರಟಿದ್ದಾರೆ. ದಾರಿ ಯಾವುದಾದರೂ ಕಾಯಿಲೆ ಅವರ ಜೊತೆಗೇ ಹೋಗುತ್ತದೆ.

ಮೈಸೂರಿನಿಂದ ಹ್ಯಾಂಡ್‌ಪೋಸ್ಟ್, ಅಂತರಸಂತೆ ದಾಟಿ ಬಾವಲಿಯ ಮೂಲಕ ಮಾನಂದವಾಡಿಗೆ ಹೋಗುವ ದಾರಿಯಲ್ಲಿ ಕಾಕನಕೋಟೆಯ ಕಾಡು ಬರುತ್ತದೆ. ಆನೆ ಹಿಡಿಯುವ ಖೆಡ್ಡಾಕ್ಕೆ ಹೆಸರಾದ ಜಾಗ ಇದು. 1906ರಲ್ಲಿ, ಮುಂದೆ ಐದನೇ ಜಾರ್ಜ್ ದೊರೆಯಾದ ಬ್ರಿಟಿಷ್ ಯುವರಾಜ ಇಲ್ಲಿಯ ಖೆಡ್ಡಾ ನೋಡಲು ಬಂದಿದ್ದ. 1971ರಲ್ಲಿ ಕೊನೆಯ ಖೆಡ್ಡಾ ನಡೆಯಿತು. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದಾಗ ಹಳೆಯ ಖೆಡ್ಡಾ ನೆಲದ ಬಹುಭಾಗ ನೀರಿನಡಿಗೆ ಸೇರಿತು. ಈ ವೈಭವದ ಮಗ್ಗುಲಲ್ಲೇ ಕಾಡಿಗೆ ಇನ್ನೊಂದು ಹೆಸರೂ ಇತ್ತು, ಚಳಿಜ್ವರದ ಸೀಮೆ ಎಂದು. ಖೆಡ್ಡಾದ ಅತಿಥಿಗಳು ಕೆಲವು ದಿನ ಬಿಡಾರ ಹೂಡಿ ಹಿಂದಿರುಗುವವರು. ಆನೆಯ ಜಾಡು ಹಿಡಿದು ಕೊಟ್ಟ ಜೇನುಕುರುಬರು, ಕಾಡುಕುರುಬರು ವರ್ಷವಿಡೀ ಅದೇ ಸೊಳ್ಳೆಯ ನಡುವೆ ಬಾಳುವವರು. ಮಲೇರಿಯಾ ಮರುಕಳಿಸುವ ಕಾಯಿಲೆ. ಒಮ್ಮೆ ಬಂದವರು ಅದನ್ನು ಮೈಯಲ್ಲೇ ಇಟ್ಟುಕೊಂಡು ಕೆಲಸಕ್ಕೂ ಸಂತೆಗೂ ತೋಟಕ್ಕೂ ಹೋಗುತ್ತಿದ್ದರು. ಇದರ ಜೊತೆಗೆ ಕುಡುಗೋಲು ಕಣ ರಕ್ತಹೀನತೆಯೂ ಇತ್ತು. ಹುಟ್ಟಿನಿಂದಲೇ ಬರುವ ಈ ಕಾಯಿಲೆ ನೀಲಗಿರಿ, ವಯನಾಡು, ಕೊಡಗು, ಮೈಸೂರು ಗಡಿಯ ಬುಡಕಟ್ಟುಗಳಲ್ಲಿ ತಲೆಮಾರುಗಳಿಂದ ಇದೆ. ಮಲೇರಿಯಾ ಇರುವ ನಾಡುಗಳಲ್ಲೇ ಇದು ನೆಲೆಯೂರುವುದಕ್ಕೆ ಕಾರಣವೂ ಗೊತ್ತಿದೆ: ತಂದೆ ತಾಯಿಯರಲ್ಲಿ ಒಬ್ಬರಿಂದ ಮಾತ್ರ ಈ ಗುಣ ಪಡೆದವರಿಗೆ ಮಾರಕ ಮಲೇರಿಯಾದಿಂದ ಒಂದಿಷ್ಟು ರಕ್ಷಣೆ ಸಿಗುತ್ತದೆ. ಇಬ್ಬರಿಂದಲೂ ಪಡೆದವರು ನರಳುತ್ತಾರೆ.

ಖೆಡ್ಡಾಗಳ ಆ ಕಾಲದಲ್ಲಿ ಸರ್ಕಾರ ಪ್ರಯಾಣಿಕನ ಕಾಯಿಲೆಯ ಬಗ್ಗೆ ಯೋಚಿಸಿದ್ದು ಅವನ ಖರ್ಚಿನ ಸಲುವಾಗಿ ಅಲ್ಲ, ಅವನಿಂದ ಆಗಬಹುದಾದ ಅಪಾಯದ ಸಲುವಾಗಿ. 1898ರಲ್ಲಿ ಪ್ಲೇಗು ಬೆಂಗಳೂರಿಗೆ, ಅಲ್ಲಿಂದ ಮೈಸೂರಿಗೆ ಹಬ್ಬಿತು. ವಿ.ಪಿ. ಮಾಧವರಾವ್ ಸಂಸ್ಥಾನದ ಪ್ಲೇಗ್ ಕಮಿಷನರ್ ಆದರು. ರೈಲು ನಿಲ್ದಾಣಗಳಲ್ಲಿ ತಪಾಸಣೆ ನಡೆಯಿತು. ಸೋಂಕಿನ ಊರಿಂದ ಬಂದವರಿಗೆ ಪ್ಲೇಗ್ ಪಾಸ್‌ಪೋರ್ಟ್ ಕೊಟ್ಟು, ಹೋದ ಊರಿನಲ್ಲಿ ಗೊತ್ತುಪಡಿಸಿದಷ್ಟು ದಿನ ಅಧಿಕಾರಿಯ ಮುಂದೆ ಹಾಜರಾಗಬೇಕೆಂದು ವಿಧಿಸಲಾಯಿತು. ಕಾಯಿಲೆಯವನ ಪ್ರಯಾಣಕ್ಕೆ ಈ ನಾಡಿನಲ್ಲಿ ಮೊದಲು ಸಿಕ್ಕ ಕಾಗದ ವಿಮೆಯದಲ್ಲ, ಕಾವಲಿನದು.

ವಿಮೆಯ ಕಡೆಯ ಚರಿತ್ರೆ ಬೇರೆ ದಾರಿಯಲ್ಲಿ ಬಂದಿದೆ. ಪ್ರಯಾಣ ವಿಮೆ ಇಂಗ್ಲೆಂಡಿನಲ್ಲಿ 1840ರ ದಶಕದ ಕೊನೆಯಲ್ಲಿ ರೈಲ್ವೆ ಪ್ಯಾಸೆಂಜರ್ಸ್ ಅಶ್ಯೂರೆನ್ಸ್ ಕಂಪನಿಯೊಂದಿಗೆ ಶುರುವಾಯಿತು. ಟಿಕೆಟ್ಟಿನ ಜೊತೆಗೆ ಕೆಲವು ಪೆನ್ನಿ ಕೊಟ್ಟರೆ ರೈಲು ಅಪಘಾತಕ್ಕೆ ಪರಿಹಾರ. ಕಂಪನಿ ಪ್ರಯಾಣಿಕನ ಆರೋಗ್ಯವನ್ನು ಕೇಳುತ್ತಿರಲಿಲ್ಲ, ಏಕೆಂದರೆ ರೈಲು ಹಳಿ ತಪ್ಪುವುದಕ್ಕೂ ಅವನ ಕೆಮ್ಮಿಗೂ ಸಂಬಂಧವಿಲ್ಲ. ಆರೋಗ್ಯದ ಪ್ರಶ್ನೆ ಬಂದದ್ದು ಜೀವ ವಿಮೆಯಲ್ಲಿ. ಭಾರತದಲ್ಲಿ ಅದು ವಿಚಿತ್ರ ರೂಪ ತಾಳಿತು. ಯುರೋಪಿನವರಿಗೆ ಒಂದು ಕಂತು, ಭಾರತೀಯರಿಗೆ ಅದಕ್ಕಿಂತ ಹೆಚ್ಚಿನ ಕಂತು ಎಂಬ ಪದ್ಧತಿ ಹತ್ತೊಂಬತ್ತನೇ ಶತಮಾನದ ಕಂಪನಿಗಳಲ್ಲಿ ಬೇರೂರಿತ್ತು. ಒಂದು ಜನಾಂಗವನ್ನೇ ಹುಟ್ಟಾ ರೋಗಿಗಳೆಂದು ಎಣಿಸಿದಂತೆ. 1870ರಲ್ಲಿ ಹುಟ್ಟಿದ ಬಾಂಬೆ ಮ್ಯೂಚುವಲ್ ಸಾಮಾನ್ಯ ದರಕ್ಕೇ ಭಾರತೀಯರ ಜೀವ ವಿಮೆ ಮಾಡಿ ಈ ಗೋಡೆ ಒಡೆಯಿತು. ಎರಡು ದಶಕಗಳ ನಂತರ, 1891ರಲ್ಲಿ, ಚಾಮರಾಜೇಂದ್ರ ಒಡೆಯರ ಆಳ್ವಿಕೆಯಲ್ಲಿ ಕೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, ಮೈಸೂರು ಸರ್ಕಾರ ತನ್ನ ನೌಕರರಿಗಾಗಿ ಸ್ವಂತ ವಿಮಾ ಇಲಾಖೆ ತೆರೆಯಿತು. ಇಂದಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆ, ನೌಕರರ ಬಾಯಲ್ಲಿ ಕೆಜಿಐಡಿ, ಅದರ ಮುಂದುವರಿಕೆ. ಬೇಕಾದವರಷ್ಟೇ ಅಲ್ಲ, ನೌಕರರೆಲ್ಲರೂ ಕಡ್ಡಾಯವಾಗಿ ಒಳಗಿರಬೇಕು ಎಂಬುದು ಅದರ ತಿರುಳು. ಈ ಒಂದು ಅಂಶವನ್ನು ನೆನಪಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ನೂರು ವರ್ಷ ಕಳೆದ ಮೇಲೆ ಹಳೆಯ ಕಾಯಿಲೆಯ ತೊಡಕನ್ನು ಬಿಡಿಸಿದ್ದು ಇದರ ಇನ್ನೊಂದು ರೂಪವೇ.

ಸ್ವಾತಂತ್ರ್ಯದ ಹೊತ್ತಿಗೆ ಪಶ್ಚಿಮ ತಾಲ್ಲೂಕುಗಳ ರೋಗಿಗೆ ದೊಡ್ಡ ಆಸ್ಪತ್ರೆ ಎಂದರೆ ಮೈಸೂರು: ಕೃಷ್ಣರಾಜೇಂದ್ರ ಆಸ್ಪತ್ರೆ, ಮಿಷನ್ ಆಸ್ಪತ್ರೆ, ಕ್ಷಯಕ್ಕೆ 1921ರಲ್ಲಿ ಆರಂಭವಾದ ಕೃಷ್ಣಾಜಮ್ಮಣ್ಣಿ ಆರೋಗ್ಯಧಾಮ. ಇವು ಧರ್ಮಾರ್ಥದ ಮತ್ತು ಸರ್ಕಾರದ ನೆಲೆಗಳು, ಇಲ್ಲಿ ವಿಮೆಯ ಮಾತಿಲ್ಲ. ಕೂಲಿಗಾಗಿ ಊರು ಬಿಟ್ಟವರಿಗೆ ಕಾನೂನು ಒಂದಿಷ್ಟು ಆಸರೆ ಕೊಡಲು ಹೊರಟಿತು. 1951ರ ತೋಟ ಕಾರ್ಮಿಕರ ಕಾಯಿದೆ, ತೋಟದ ಮಾಲೀಕರು ಕಾರ್ಮಿಕರಿಗೆ ವೈದ್ಯಕೀಯ ಸೌಲಭ್ಯ ಒದಗಿಸಬೇಕೆಂದು ಹೇಳಿತು. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆ, ಗುತ್ತಿಗೆದಾರ ಬೇರೆ ರಾಜ್ಯಕ್ಕೆ ಕರೆದೊಯ್ದವರಿಗೆ ಪ್ರಯಾಣ ಭತ್ಯೆಯನ್ನೂ ಉಚಿತ ಚಿಕಿತ್ಸೆಯನ್ನೂ ವಿಧಿಸಿತು. ಎರಡರಲ್ಲೂ ಕಾಯಿಲೆ ಮೊದಲೇ ಇತ್ತೋ ಆಮೇಲೆ ಬಂತೋ ಎಂಬ ಭೇದ ಮುಖ್ಯವಾಗಿರಲಿಲ್ಲ. ಆದರೆ ಆದಿವಾಸಿಗಳ ಹಾಡಿಯಿಂದ ಬೆಳಿಗ್ಗೆ ಜೀಪು ಹತ್ತಿ ಕೊಡಗಿಗೆ ಹೋಗಿ ಸಂಜೆ ಮರಳುವ, ಅಥವಾ ಕಾಫಿ ಕೊಯ್ಲಿನ ಎರಡು ತಿಂಗಳು ತೋಟದ ಲೈನುಮನೆಯಲ್ಲಿದ್ದು ಬರುವ ದಿನಗೂಲಿಯವರ ಹೆಸರು ತೋಟದ ಪುಸ್ತಕದಲ್ಲಿ ಗಟ್ಟಿಯಾಗಿ ನಿಲ್ಲುವುದು ಕಷ್ಟ. ಹೆಸರಿಲ್ಲದವರಿಗೆ ಕಾಯಿದೆಯೂ ಸಿಗುವುದಿಲ್ಲ.

ಇನ್ನೊಂದು ಗುಂಪು ಹೊರಗಿನಿಂದ ಬಂತು. 1960ರಲ್ಲಿ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಟಿಬೆಟ್ ನಿರಾಶ್ರಿತರಿಗೆ ಮೈಸೂರು ಸರ್ಕಾರ ಕಾಡುನೆಲ ಕೊಟ್ಟಿತು. ಹಿಮಾಲಯದ ರಸ್ತೆ ಕೆಲಸದ ಬಿಡಾರಗಳಿಂದ ಬಂದ ಜನ ಕ್ಷಯದ ಹೊರೆಯನ್ನೂ ಹೊತ್ತು ತಂದರು. ಚಳಿಗಾಲ ಬಂದರೆ ಈ ಕುಟುಂಬಗಳಲ್ಲಿ ಅನೇಕರು ಸ್ವೆಟರ್ ಮಾರಲು ದೂರದ ನಗರಗಳಿಗೆ ಹೋಗುತ್ತಾರೆ. ಹೀಗೆ ಸದಾ ಪ್ರಯಾಣದಲ್ಲಿರುವ ಸಮುದಾಯಕ್ಕೆ ಅದರದೇ ಆಡಳಿತ 2012ರಲ್ಲಿ ಟಿಬೆಟನ್ ಮೆಡಿಕೇರ್ ಸಿಸ್ಟಂ ಎಂಬ ವಂತಿಗೆಯ ಆರೋಗ್ಯ ನಿಧಿಯನ್ನು ತೆರೆಯಿತು. ಅಲ್ಲಿಯೂ ಕಂಪನಿಗಿಂತ ಸಮುದಾಯದ ಹುಂಡಿಯೇ ಆಧಾರ.

ಪರದೇಶ ಪ್ರಯಾಣದ ವೈದ್ಯಕೀಯ ವಿಮೆ ಭಾರತದಲ್ಲಿ ತಡವಾಗಿ ಬಂತು. 1972ರ ಕಾಯಿದೆಯಿಂದ ಸಾಮಾನ್ಯ ವಿಮೆ ರಾಷ್ಟ್ರೀಕರಣವಾಗಿ, 1973ರ ಜನವರಿ 1ರಿಂದ ನೂರಕ್ಕೂ ಹೆಚ್ಚು ಕಂಪನಿಗಳು ನಾಲ್ಕರಲ್ಲಿ ವಿಲೀನವಾದವು: ನ್ಯಾಷನಲ್, ನ್ಯೂ ಇಂಡಿಯಾ, ಓರಿಯಂಟಲ್, ಯುನೈಟೆಡ್ ಇಂಡಿಯಾ. ಈ ಕಂಪನಿಗಳು 1984ರಲ್ಲಿ ಓವರ್‌ಸೀಸ್ ಮೆಡಿಕ್ಲೇಮ್ ಪಾಲಿಸಿ ತಂದವು. ದೇಶದೊಳಗಿನ ಮೆಡಿಕ್ಲೇಮ್ ಬಂದದ್ದು ಅದಾದ ಮೇಲೆ, 1986ರಲ್ಲಿ. ಊರಿನ ಆಸ್ಪತ್ರೆಗಿಂತ ಮೊದಲು ಪರದೇಶದ ಆಸ್ಪತ್ರೆಗೆ ವಿಮೆ ಸಿಕ್ಕಿತು ಎಂಬುದು ಆ ಕಾಲದಲ್ಲಿ ಯಾರ ಬೇಡಿಕೆಗೆ ಬೆಲೆಯಿತ್ತು ಎಂಬುದನ್ನು ಹೇಳುತ್ತದೆ. ಡಾಲರು ದುರ್ಲಭವಾಗಿದ್ದ ದಿನಗಳವು. ಹೊರಗೆ ಕಾಯಿಲೆ ಬಿದ್ದವನ ಆಸ್ಪತ್ರೆ ಬಿಲ್ಲನ್ನು ಕೈಯಿಂದ ತೀರಿಸುವುದಕ್ಕೆ ವಿದೇಶಿ ವಿನಿಮಯ ಸುಲಭವಾಗಿ ಸಿಗುತ್ತಿರಲಿಲ್ಲ. ಆದ್ದರಿಂದ ಈ ಪಾಲಿಸಿ ನಿಜವಾದ ಒಂದು ಕೊರತೆಯನ್ನು ತುಂಬಿತು. ಆದರೆ ಮೊದಲಿನಿಂದಲೂ ಅದರೊಳಗೆ ಒಂದು ಬೇಲಿ ಇತ್ತು. ಮೊದಲೇ ಇದ್ದ ಕಾಯಿಲೆಗೂ ಅದರಿಂದ ಹುಟ್ಟುವ ತೊಂದರೆಗೂ ಹಣವಿಲ್ಲ. ವಯಸ್ಸಾದವರು ಇಸಿಜಿ, ರಕ್ತ ಮತ್ತು ಮೂತ್ರದಲ್ಲಿನ ಸಕ್ಕರೆಯ ವರದಿ ತರಬೇಕು. ವರದಿಯಲ್ಲಿ ಕಂಡ ಕಾಯಿಲೆ ಪಾಲಿಸಿಯ ಹೊರಗೆ.

ಈ ಬೇಲಿಗೆ ಕಾರಣ ಬರೀ ಜಿಪುಣತನವಲ್ಲ. ವಿಮೆ ನಿಂತಿರುವುದು ಆಗಬಹುದು, ಆಗದಿರಬಹುದು ಎಂಬ ಅನಿಶ್ಚಯದ ಮೇಲೆ. ಕಾಯಿಲೆ ಇದ್ದವರು ಮಾತ್ರ ಪಾಲಿಸಿ ಕೊಂಡು, ಗಟ್ಟಿಮುಟ್ಟಾದವರು ದೂರ ಉಳಿದರೆ ಕೂಡಿಟ್ಟ ಹಣ ಸಾಲುವುದಿಲ್ಲ. ಸಾಲದಿದ್ದಾಗ ಕಂತು ಏರುತ್ತದೆ, ಏರಿದಂತೆ ಆರೋಗ್ಯವಂತರು ಇನ್ನಷ್ಟು ದೂರವಾಗುತ್ತಾರೆ. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಮಾರುವ ಪಾಲಿಸಿಯಲ್ಲಿ ಈ ಭಯ ಸಹಜ. ಇದಕ್ಕೆ ಮದ್ದು ಕಾಯಿಲೆಯವರನ್ನು ಹೊರಗಿಡುವುದು ಅಥವಾ ಎಲ್ಲರನ್ನೂ ಒಟ್ಟಿಗೇ ಒಳಗೆ ತರುವುದು. ಕಂಪನಿಗಳು ಮೊದಲನೆಯದನ್ನು ಆರಿಸಿಕೊಂಡವು.

ಎರಡನೆಯದನ್ನು ಆರಿಸಿದ್ದು ಯಶಸ್ವಿನಿ. ಹೃದಯ ತಜ್ಞ ಡಾ. ದೇವಿ ಶೆಟ್ಟಿ ಮತ್ತು ರಾಜ್ಯದ ಸಹಕಾರ ಇಲಾಖೆ ಸೇರಿ ರೂಪಿಸಿದ ಈ ಯೋಜನೆ 2003ರ ಜೂನ್ 1ರಂದು ಜಾರಿಗೆ ಬಂತು. ಆರಂಭದಲ್ಲಿ ಒಬ್ಬ ಸದಸ್ಯನ ವಂತಿಗೆ ತಿಂಗಳಿಗೆ 5 ರೂಪಾಯಿ, ವರ್ಷಕ್ಕೆ 60 ರೂಪಾಯಿ, ಅದರ ಮೇಲೆ ಸರ್ಕಾರದ ಸಹಾಯಧನ. ಮೊದಲ ವರ್ಷವೇ 16 ಲಕ್ಷ ಜನ ಸೇರಿದರು. ಸುಮಾರು 1,600 ಬಗೆಯ ಶಸ್ತ್ರಚಿಕಿತ್ಸೆಗಳು ಪಟ್ಟಿಯಲ್ಲಿದ್ದವು. ಒಂದು ಶಸ್ತ್ರಚಿಕಿತ್ಸೆಗೆ 1 ಲಕ್ಷ, ವರ್ಷಕ್ಕೆ 2 ಲಕ್ಷ ರೂಪಾಯಿ ಮಿತಿ. ಹಳೆಯ ಕಾಯಿಲೆ ಎಂದು ಯಾರನ್ನೂ ಹಿಂದಕ್ಕೆ ಕಳಿಸುವಂತಿರಲಿಲ್ಲ. ಹತ್ತು ವರ್ಷದಿಂದ ಎದೆನೋವಿದ್ದ ರೈತನೂ ಅದೇ ವಂತಿಗೆ ಕೊಟ್ಟು ಅದೇ ಕಾರ್ಡು ಪಡೆದ. ಇದು ಸಾಧ್ಯವಾದದ್ದು ಸಂಘಗಳ ಬಲದಿಂದ. ಹುಣಸೂರು, ಪಿರಿಯಾಪಟ್ಟಣದ ತಂಬಾಕು ಬೆಳೆಗಾರರಿರಲಿ, ಕೃಷ್ಣರಾಜನಗರದ ಭತ್ತದ ಗದ್ದೆಯವರಿರಲಿ, ಸಾಲಕ್ಕೂ ಗೊಬ್ಬರಕ್ಕೂ ಹಾಲಿಗೂ ಸಹಕಾರ ಸಂಘದ ಬಾಗಿಲಿಗೆ ಹೋಗುವವರೇ. ಸಂಘದ ಕಾರ್ಯದರ್ಶಿ ವಂತಿಗೆ ಕೂಡಿಸಿಕೊಂಡರೆ ಆರೋಗ್ಯವಂತರೂ ಕಾಯಿಲೆಯವರೂ ಒಂದೇ ಪಟ್ಟಿಯಲ್ಲಿ ಬರುತ್ತಿದ್ದರು. ಕಂಪನಿಯ ಏಜೆಂಟರು ಮನೆಮನೆ ಸುತ್ತಿ ಮಾಡಲಾರದ್ದನ್ನು ಸಾಲದ ಲೆಕ್ಕದ ಪುಸ್ತಕ ಮಾಡಿತು. 1891ರ ಮೈಸೂರಿನ ಇಲಾಖೆ ನೌಕರಿಯ ಹೆಸರಿನಲ್ಲಿ ಎಲ್ಲರನ್ನೂ ಒಟ್ಟು ಮಾಡಿತ್ತು, ಯಶಸ್ವಿನಿ ಸದಸ್ಯತ್ವದ ಹೆಸರಿನಲ್ಲಿ. ಆಧುನಿಕ ಕರ್ನಾಟಕದ ಅತ್ಯುತ್ತಮ ಸಾರ್ವಜನಿಕ ಕೆಲಸಗಳ ಸಾಲಿನಲ್ಲಿ ಇದನ್ನು ಇಡಲು ಹಿಂಜರಿಯಬೇಕಿಲ್ಲ.

ಯೋಜನೆಯ ಮಿತಿಗಳೂ ಗಟ್ಟಿಯಾಗಿದ್ದವು. ಇದು ಮುಖ್ಯವಾಗಿ ಶಸ್ತ್ರಚಿಕಿತ್ಸೆಯ ವಿಮೆ. ಹಾವು ಕಡಿತ, ನಾಯಿ ಕಡಿತ, ಎತ್ತು ತಿವಿದ ಗಾಯ, ಕೃಷಿ ಉಪಕರಣದ ಅಪಘಾತಗಳಿಗೆ ಅವಕಾಶವಿತ್ತು. ಇದು ಹಳ್ಳಿಯ ಬದುಕನ್ನು ಬಲ್ಲವರು ಬರೆದ ಪಟ್ಟಿ. ಆದರೆ ಸಕ್ಕರೆ ಕಾಯಿಲೆಯ ದಿನದಿನದ ಮಾತ್ರೆಗೆ, ಡಯಾಲಿಸಿಸ್‌ಗೆ, ಕೀಮೋಥೆರಪಿಗೆ ಹಣವಿರಲಿಲ್ಲ. ಹಳೆಯ ಕಾಯಿಲೆ ಕತ್ತರಿಯ ಹಂತಕ್ಕೆ ಬರುವವರೆಗೂ ಮನೆಯವರದೇ ಭಾರ. ಎರಡನೆಯ ಮಿತಿ ಸದಸ್ಯತ್ವದ್ದು. ಭೂಮಿಯಿಲ್ಲದ, ಸಂಘದ ಸಾಲ ಪಡೆಯದ ಕೂಲಿಯವರು ಸುಲಭವಾಗಿ ಒಳಗೆ ಬರುವಂತಿರಲಿಲ್ಲ. ಕಾಡಂಚಿನಲ್ಲಿ ಆದಿವಾಸಿಗಳಿಗೆಂದೇ ಲ್ಯಾಂಪ್ಸ್ ಸಹಕಾರ ಸಂಘಗಳಿದ್ದರೂ ಅವುಗಳ ಕೈ ಎಲ್ಲ ಹಾಡಿಗಳಿಗೆ ಚಾಚುತ್ತಿರಲಿಲ್ಲ.

ಹಾಡಿಗಳಲ್ಲಿ ಇನ್ನೂ ಆಳದ ತೊಡಕು ಇತ್ತು. ಮೊದಲೇ ಇದ್ದ ಕಾಯಿಲೆ ಎನ್ನಬೇಕಾದರೆ ಅದನ್ನು ಮೊದಲು ಯಾರಾದರೂ ವೈದ್ಯರು ಗುರುತಿಸಿ ಬರೆದಿರಬೇಕು. ವೈದ್ಯರನ್ನೇ ಕಾಣದ ಊರಿನಲ್ಲಿ ಕಾಗದದ ಲೆಕ್ಕಕ್ಕೆ ಎಲ್ಲರೂ ಆರೋಗ್ಯವಂತರೇ. ಕುಡುಗೋಲು ಕಣದ ನೋವಿಗೆ ಮೈಕೈ ನೋವು ಎಂದೇ ಹೆಸರು, ಕ್ಷಯಕ್ಕೆ ಕೆಮ್ಮು ಎಂದೇ ಹೆಸರು. 1984ರಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್, ಡಾ. ಆರ್. ಬಾಲಸುಬ್ರಹ್ಮಣ್ಯಂ ಅವರ ಮುಂದಾಳುತನದಲ್ಲಿ, ಹೆಗ್ಗಡದೇವನಕೋಟೆಯ ಹಾಡಿಗಳ ನಡುವೆ ನೆಲೆಸಿ ಕೆಂಚನಹಳ್ಳಿಯಲ್ಲೂ ಸರಗೂರಿನಲ್ಲೂ ಆಸ್ಪತ್ರೆ ನಡೆಸಿತು. ಕಾಯಿಲೆಗೆ ಹೆಸರು ಸಿಕ್ಕಿದ್ದು ಇಂಥ ಕಡೆಗಳಲ್ಲಿ. ವಿಮೆಗಿಂತ ಮೊದಲು ಬೇಕಾದದ್ದು ಇದು. ದೇಶದ ಮಟ್ಟದಲ್ಲಿ ಕುಡುಗೋಲು ಕಣ ರಕ್ತಹೀನತೆಯನ್ನು ಹುಡುಕಿ ಗುರುತಿಸುವ ರಾಷ್ಟ್ರೀಯ ಅಭಿಯಾನ ಆರಂಭವಾದದ್ದು 2023ರ ಜುಲೈನಲ್ಲಿ.

ಊರು ಬಿಟ್ಟು ಹೋಗುವ ಬಡವರನ್ನೂ ಕಣ್ಣಮುಂದೆ ಇಟ್ಟುಕೊಂಡು ಬಂದ ವಿಮೆ ಎಂದರೆ 2008ರ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆ. ಬಡತನ ರೇಖೆಯ ಕೆಳಗಿನ ಐವರ ಕುಟುಂಬಕ್ಕೆ ವರ್ಷಕ್ಕೆ 30,000 ರೂಪಾಯಿ, ನೋಂದಣಿಗೆ 30 ರೂಪಾಯಿ. ಹಳೆಯ ಕಾಯಿಲೆಗೂ ಮೊದಲ ದಿನದಿಂದಲೇ ಚಿಕಿತ್ಸೆ. ಸ್ಮಾರ್ಟ್ ಕಾರ್ಡನ್ನು ದೇಶದ ಯಾವ ನೋಂದಾಯಿತ ಆಸ್ಪತ್ರೆಯಲ್ಲೂ ತೋರಿಸಬಹುದಿತ್ತು. ದುಡಿಯಲು ಹೊರಗೆ ಹೋದವನು ಒಂದು ಕಾರ್ಡು, ಊರಲ್ಲಿ ಉಳಿದ ಮನೆಯವರು ಇನ್ನೊಂದು ಕಾರ್ಡು ಎಂದು ಭಾಗ ಮಾಡಿಕೊಳ್ಳಲೂ ಅವಕಾಶವಿತ್ತು. ಆಸ್ಪತ್ರೆಗೆ ಹೋಗಿಬರುವ ಖರ್ಚಿಗೆ ಪ್ರತಿ ಸಲ 100 ರೂಪಾಯಿಯಂತೆ ವರ್ಷಕ್ಕೆ 1,000 ರೂಪಾಯಿವರೆಗೆ ಸಿಗುತ್ತಿತ್ತು. ಪ್ರಯಾಣ, ಕಾಯಿಲೆ, ವಿಮೆ ಮೂರನ್ನೂ ಒಟ್ಟಿಗೆ ಯೋಚಿಸಿದ ಕಾಗದ ಅದು. ಕರ್ನಾಟಕದಲ್ಲಿ 2010ರ ಸುಮಾರಿಗೆ ಮೊದಲು ಜಾರಿಯಾದ ಐದು ಜಿಲ್ಲೆಗಳಲ್ಲಿ ಮೈಸೂರೂ ಒಂದು. ಆಗಿನ ಅನುಭವ ಮಾತ್ರ ಸಿಹಿಯಾಗಿರಲಿಲ್ಲ: ಕಾರ್ಡು ಬಹಳ ಮನೆಗಳಿಗೆ ಬಂತು, ಅದನ್ನು ಓದುವ ಯಂತ್ರವೂ ತಿಳಿವಳಿಕೆಯೂ ಆಸ್ಪತ್ರೆಗಳಲ್ಲಿ ಸಾಲದಾಯಿತು. ಇದರ ಬೆನ್ನಿಗೇ ರಾಜ್ಯದ ವಾಜಪೇಯಿ ಆರೋಗ್ಯಶ್ರೀ ದೊಡ್ಡ ಕಾಯಿಲೆಗಳಿಗೆಂದು ಕಲಬುರಗಿ ವಿಭಾಗದಲ್ಲಿ ಶುರುವಾಗಿ 2012ರಲ್ಲಿ ಮೈಸೂರು ವಿಭಾಗಕ್ಕೂ ಬಂತು.

2018ರಲ್ಲಿ ಈ ಎಳೆಗಳು ಒಂದಾದವು. ಮಾರ್ಚ್‌ನಲ್ಲಿ ಆರೋಗ್ಯ ಕರ್ನಾಟಕ ಘೋಷಣೆಯಾಯಿತು, ಸೆಪ್ಟೆಂಬರ್ 23ರಂದು ಕೇಂದ್ರದ ಆಯುಷ್ಮಾನ್ ಭಾರತ್ ಉದ್ಘಾಟನೆಯಾಯಿತು, ಅಕ್ಟೋಬರ್ ಕೊನೆಗೆ ಎರಡೂ ಸೇರಿದವು. ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ, ಹಳೆಯ ಕಾಯಿಲೆ ಅಡ್ಡಿಯಲ್ಲ. ಯಶಸ್ವಿನಿಯನ್ನು ಆ ವರ್ಷ ಇದರಲ್ಲಿ ಕರಗಿಸಲಾಯಿತು. ಸಂಘದ ಸದಸ್ಯರು ಅದನ್ನು ಮರೆಯಲಿಲ್ಲ. 2022ರ ಬಜೆಟ್ ಅದನ್ನು ಮತ್ತೆ ಘೋಷಿಸಿತು, 2023ರ ಜನವರಿಯಿಂದ ಚಿಕಿತ್ಸೆ ಶುರುವಾಯಿತು. ಗ್ರಾಮೀಣ ಕುಟುಂಬದ ನಾಲ್ವರಿಗೆ 500 ರೂಪಾಯಿ ವಂತಿಗೆ ಗೊತ್ತಾಯಿತು. ಕಾಕನಕೋಟೆಯ ಕಡೆಯವರಿಗೆ ಆಯುಷ್ಮಾನ್ ಕಾರ್ಡಿನ ದೊಡ್ಡ ಗುಣ ಗಡಿ ದಾಟುವುದು. ಬಾವಲಿ, ಡಿ.ಬಿ. ಕುಪ್ಪೆಯ ಸುತ್ತಲಿನ ಹಾಡಿಗಳಿಗೆ ಮೈಸೂರಿಗಿಂತ ಮಾನಂದವಾಡಿ ಎಷ್ಟೋ ಹತ್ತಿರ. ಕಾಡಿನ ನಡುವಿನ ರಸ್ತೆಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ, ಆಂಬುಲೆನ್ಸ್‌ಗೆ ಮಾತ್ರ ವಿನಾಯಿತಿ. ಕೇರಳದ ನೋಂದಾಯಿತ ಆಸ್ಪತ್ರೆಯಲ್ಲೂ ಕಾರ್ಡು ನಡೆಯಬೇಕು ಎಂಬ ನಿಯಮ ಇಲ್ಲಿ ಜೀವದ ಪ್ರಶ್ನೆ. ಗಡಿಯಾಚೆ ನಿಯಮ ಎಷ್ಟು ಸರಾಗವಾಗಿ ನಡೆಯುತ್ತದೆ ಎಂಬುದು ಆಸ್ಪತ್ರೆಯ ನೋಂದಣಿ, ಆಧಾರ್, ರೇಷನ್ ಕಾರ್ಡಿನ ಹೆಸರುಗಳ ಹೊಂದಾಣಿಕೆಯ ಮೇಲೆ ನಿಂತಿರುತ್ತದೆ. ಇವೇ ಕಾಗದಗಳು ಸರಿಯಿಲ್ಲದವರು ಹಾಡಿಗಳಲ್ಲಿ ಹೆಚ್ಚು.

ಸಮುದ್ರ ದಾಟುವ ಪ್ರಯಾಣದಲ್ಲಿ ಮಾತ್ರ ಹಳೆಯ ಬೇಲಿ ಬಹುಪಾಲು ಉಳಿದುಕೊಂಡಿದೆ. 2004ರಿಂದ ಯುರೋಪಿನ ಷೆಂಗೆನ್ ದೇಶಗಳು ವೀಸಾಗೆ ಕನಿಷ್ಠ 30,000 ಯೂರೋ ವಿಮೆಯನ್ನು ಕಡ್ಡಾಯ ಮಾಡಿದವು. ಅಮೆರಿಕದಲ್ಲಿ 2014ರಿಂದ ಸಾಮಾನ್ಯ ಆರೋಗ್ಯ ವಿಮೆ ಹಳೆಯ ಕಾಯಿಲೆಯ ಕಾರಣಕ್ಕೆ ಯಾರನ್ನೂ ನಿರಾಕರಿಸುವಂತಿಲ್ಲ, ಆದರೆ ಮಕ್ಕಳನ್ನು ನೋಡಲು ಹೋಗುವ ತಂದೆತಾಯಿ ಕೊಳ್ಳುವ ಅಲ್ಪಾವಧಿಯ ಪಾಲಿಸಿಗೆ ಆ ನಿಯಮ ಅನ್ವಯಿಸುವುದಿಲ್ಲ. ಬಾಣಂತನಕ್ಕೆಂದು ಆರು ತಿಂಗಳು ಹೊರಡುವ ಅರವತ್ತು ದಾಟಿದವರಲ್ಲಿ ಬಿ.ಪಿ., ಸಕ್ಕರೆ ಇಲ್ಲದವರು ಕಡಿಮೆ. ಅವರಿಗೆ ಸಿಗುವುದು ಸಾಮಾನ್ಯವಾಗಿ ಎರಡು ಬಗೆಯ ಪಾಲಿಸಿ: ಹಳೆಯ ಕಾಯಿಲೆಯನ್ನು ಪೂರ್ತಿ ಹೊರಗಿಟ್ಟದ್ದು ಒಂದು, ಅದು ಹಠಾತ್ತನೆ ಉಲ್ಬಣಿಸಿ ಪ್ರಾಣಾಪಾಯ ಬಂದಾಗ ಮಾತ್ರ ಒಂದು ಮಿತಿಯವರೆಗೆ ಕೊಡುವುದು ಇನ್ನೊಂದು. ಪ್ರಾಣ ಉಳಿಸುವಷ್ಟು ಚಿಕಿತ್ಸೆ ಆದಮೇಲೆ ಮುಂದಿನದು ಸ್ವಂತ ಖರ್ಚು.

ಈ ವ್ಯವಹಾರದಲ್ಲಿ ಪ್ರಯಾಣಿಕರ ಕಡೆಗೆ ತೂಗಿದ ಬಹುಮುಖ್ಯ ತೀರ್ಪು 2021ರ ಡಿಸೆಂಬರ್ 6ರಂದು ಸುಪ್ರೀಂ ಕೋರ್ಟಿನಿಂದ ಬಂತು. ತೀರ್ಪು ಬರೆದವರು ಕನ್ನಡನಾಡಿನ ನ್ಯಾಯಮೂರ್ತಿ ಬಿ.ವಿ. ನಾಗರತ್ನ, ಪೀಠದಲ್ಲಿದ್ದ ಇನ್ನೊಬ್ಬರು ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್. 2009ರಲ್ಲಿ ಓವರ್‌ಸೀಸ್ ಮೆಡಿಕ್ಲೇಮ್ ಪಾಲಿಸಿ ಪಡೆದು ಅಮೆರಿಕದ ಮದುವೆಗೆ ಹೊರಟ ಒಬ್ಬರಿಗೆ ಸ್ಯಾನ್‌ಫ್ರಾನ್ಸಿಸ್ಕೊ ವಿಮಾನ ನಿಲ್ದಾಣದಲ್ಲೇ ಹೃದಯಾಘಾತವಾಯಿತು, ಮೂರು ಸ್ಟೆಂಟ್ ಹಾಕಬೇಕಾಯಿತು. ಕೊಬ್ಬಿನಂಶ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದುದನ್ನು ಅರ್ಜಿಯಲ್ಲಿ ಹೇಳಿರಲಿಲ್ಲ ಎಂದು ಕಂಪನಿ ಕ್ಲೇಮು ತಿರಸ್ಕರಿಸಿತು. ಅವರಿಗೆ ಸಕ್ಕರೆ ಕಾಯಿಲೆ ಇದೆ ಎಂಬುದು ಪಾಲಿಸಿಗೆ ಮೊದಲಿನ ವೈದ್ಯಕೀಯ ವರದಿಯಲ್ಲೇ ಇತ್ತು. ವಿಮೆ ಮಾಡಿಸುವವನು ತನಗೆ ಗೊತ್ತಿರುವುದನ್ನೆಲ್ಲ ಪ್ರಾಮಾಣಿಕವಾಗಿ ಹೇಳಬೇಕು ಎಂಬ ಹಳೆಯ ತತ್ತ್ವವನ್ನು ನ್ಯಾಯಾಲಯ ಎತ್ತಿಹಿಡಿಯಿತು. ಅದರ ಜೊತೆಗೇ, ಆರೋಗ್ಯದ ಸ್ಥಿತಿಯನ್ನು ತೂಗಿ ನೋಡಿ ಪಾಲಿಸಿ ಕೊಟ್ಟ ಕಂಪನಿ, ಆಮೇಲೆ ಅದೇ ಸ್ಥಿತಿಯನ್ನು ನೆಪವಾಗಿ ಒಡ್ಡಿ ಹಣ ನಿರಾಕರಿಸುವಂತಿಲ್ಲ ಎಂದಿತು. ಅರ್ಜಿಯಲ್ಲಿ ಬಿ.ಪಿ., ಸಕ್ಕರೆಯನ್ನು ಮುಚ್ಚಿಟ್ಟರೆ ಒಳ್ಳೆಯದು ಎಂಬ ಮಾತು ಪ್ರಯಾಣಿಕರ ನಡುವೆ ಓಡಾಡುತ್ತದೆ. ಈ ತೀರ್ಪನ್ನು ಓದಿದರೆ ಅದು ಎಷ್ಟು ಅಪಾಯದ ಸಲಹೆ ಎಂದು ತಿಳಿಯುತ್ತದೆ: ಆ ಪ್ರಯಾಣಿಕರನ್ನು ಕಾಪಾಡಿದ್ದು ವರದಿಯಲ್ಲಿ ಮೊದಲೇ ದಾಖಲಾಗಿದ್ದ ಸಕ್ಕರೆ ಕಾಯಿಲೆ.

ದೇಶದೊಳಗಿನ ಆರೋಗ್ಯ ಪಾಲಿಸಿಗಳಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ಹಳೆಯ ಕಾಯಿಲೆಗೆ ಕಾಯಬೇಕಾದ ಗರಿಷ್ಠ ಅವಧಿಯನ್ನು 48 ತಿಂಗಳಿಂದ 36ಕ್ಕೆ ಇಳಿಸಿತು. ಪ್ರಯಾಣ ವಿಮೆಗೆ ಇದರಿಂದ ಲಾಭವಿಲ್ಲ. ಆರು ತಿಂಗಳ ಪಾಲಿಸಿಯಲ್ಲಿ ಮೂರು ವರ್ಷ ಕಾಯುವ ಮಾತೇ ಬರುವುದಿಲ್ಲ, ಹೊರಗಿಟ್ಟ ಕಾಯಿಲೆ ಪ್ರವಾಸ ಮುಗಿಯುವವರೆಗೂ ಹೊರಗೇ ಇರುತ್ತದೆ. 2024ರ ಅಕ್ಟೋಬರ್‌ನಲ್ಲಿ ಆಯುಷ್ಮಾನ್ ಭಾರತ್ ಯೋಜನೆಯನ್ನು ವರಮಾನ ನೋಡದೆ 70 ದಾಟಿದ ಎಲ್ಲರಿಗೂ ವಿಸ್ತರಿಸಲಾಯಿತು. ಅದರ ಎಲ್ಲೆ ದೇಶದ ಗಡಿ. ಪರದೇಶಕ್ಕೆ ಹೊರಟ ಹಿರಿಯರಿಗೆ ಕಂಪನಿಯ ಬಿಡಿ ಪಾಲಿಸಿಯೊಂದೇ ಆಸರೆ, ಹಳೆಯ ಕಾಯಿಲೆಯನ್ನು ಒಳಗೊಳ್ಳುವ ಒಟ್ಟು ವಿಮೆ ಅವರಿಗಾಗಿ ಇನ್ನೂ ಏರ್ಪಟ್ಟಿಲ್ಲ.